ಕೇರೆಗೆ ಪೆಟ್ಟಿಗೆ ಬೇಡ, ಬದು ಸಾಕು



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಾಮನಗರದ ನಮ್ಮ ಮನೆಗೆ ಬಂದಿದ್ದ. ಹೆಸರು ಹೇಳುವುದಿಲ್ಲ, ಹೇಳಿದರೆ ನಿಮ್ಮಲ್ಲಿ ಅರ್ಧ ಮಂದಿ ಅವನಿಗೆ ಫೋನು ಮಾಡಿ ರೇಗಿಸುವಿರಿ. ಮಾಗಡಿ ಸೀಮೆಯವನು. ಬೆಂಗಳೂರಿನ ಕಂಪೆನಿಯೊಂದರಲ್ಲಿ ಹನ್ನೆರಡು ವರ್ಷ ದುಡಿದು, 2020ರ ಕೊರೋನಾ ಕಾಲದಲ್ಲಿ ಊರಿಗೆ ಹಿಂದಿರುಗಿ, ತಂದೆಯ ಹಿಪ್ಪುನೇರಳೆ ತೋಟವನ್ನೂ ರೇಷ್ಮೆ ಹುಳುವಿನ ಮನೆಯನ್ನೂ ತಾನೇ ನೋಡಿಕೊಳ್ಳುತ್ತಿದ್ದಾನೆ. ಓದಿದವನು ಮಣ್ಣಿಗೆ ಮರಳಿದನಲ್ಲ ಎಂದು ನನಗೆ ಅವನ ಬಗ್ಗೆ ಅಭಿಮಾನ. ಕಾಫಿ ಕುಡಿಯುತ್ತಾ ತನ್ನ ಮೊಬೈಲಿನಲ್ಲಿ ಕೆಲವು ಚಿತ್ರಗಳನ್ನು ತೋರಿಸಿದ. ವಿದೇಶದ ಯಾವುದೋ ಮನೆಯೊಳಗೆ ಸಾಲುಸಾಲಾಗಿ ಜೋಡಿಸಿದ ಪ್ಲಾಸ್ಟಿಕ್ ಪೆಟ್ಟಿಗೆಗಳು. ಒಂದೊಂದರಲ್ಲಿಯೂ ಒಂದೊಂದು ಹಾವು. ಬಳಿಕ ಹೇಳಿದ: "ಸಾರ್, ನಾನು ಕೇರೆ ಹಾವು ಸಾಕಬೇಕು ಅಂತಿದೀನಿ. ಸಾಕಿ, ಮರಿ ಮಾಡಿಸಿ, ನಮ್ಮ ಕಡೆ ರೈತರಿಗೆಲ್ಲ ಕೊಡೋದು. ನಿಮ್ಮ ಆಶೀರ್ವಾದ ಬೇಕು."

ನಾನು ಸುಮ್ಮನಿದ್ದೆ. ಅವನೇ ಮುಂದುವರಿಸಿ, "ಇದಕ್ಕೆಲ್ಲ ಮೂಲ ನೀವೇ ಸಾರ್. ಲ್ಯಾಬಿನಲ್ಲಿ ಜಾಡಿಯೊಳಗೆ ಒಂದು ಕೇರೆ ಇಟ್ಟಿದ್ರಲ್ಲ, 'ರೈತನ ಮಿತ್ರ' ಅಂತ ಚೀಟಿ ಅಂಟಿಸಿ, ಅದನ್ನ ನಾನು ಮರೆತೇ ಇಲ್ಲ" ಎಂದ.

ಆ ಮಾತು ಎದೆಗೆ ನಾಟಿತು. ಆಶೀರ್ವಾದವನ್ನೂ ಮಾಡಲಿಲ್ಲ, ಬೇಡವೆಂದೂ ಹೇಳಲಿಲ್ಲ; "ಯೋಚನೆ ಮಾಡಿ ಹೇಳ್ತೀನಪ್ಪ" ಎಂದು ಕಳಿಸಿದೆ. ಯೋಚನೆ ಮಾಡಿದ್ದೇನೆ. ಬೇಡ ಎಂಬುದೇ ನನ್ನ ಉತ್ತರ. ಏಕೆ ಬೇಡವೆಂಬುದನ್ನು ಅವನೊಬ್ಬನಿಗೆ ಹೇಳಿದರೆ ಸಾಲದು, ಆ ಜಾಡಿಯನ್ನು ನೋಡಿದ ನಿಮ್ಮೆಲ್ಲರಿಗೂ ಹೇಳಬೇಕಾಗಿದೆ.

ಮೊದಲು ಅವನ ವಾದವನ್ನು ನ್ಯಾಯವಾಗಿ ಮುಂದಿಡುತ್ತೇನೆ. ಎದುರಾಳಿಯ ಮಾತನ್ನು ಕುಗ್ಗಿಸಿ ಹೇಳಿ ಗೆಲ್ಲುವುದು ಚರ್ಚಾಸ್ಪರ್ಧೆಯ ಹುಡುಗರ ಚಾಳಿ. ಒಂದು, ಇಲಿ-ಹೆಗ್ಗಣಗಳ ಕಾಟ ವಿಪರೀತವಾಗಿದೆ; ಕೇರೆ ಇಲಿಯನ್ನು ತಿನ್ನುತ್ತದೆ. ಎರಡು, ಕೇರೆಗಳು ಊರಿನ ಸುತ್ತ ಕಡಿಮೆಯಾಗುತ್ತಿವೆ. ಸಾಕಿ ಬಿಟ್ಟರೆ ಹೆಚ್ಚುತ್ತವೆ. ಮೂರು, ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಆಫ್ರಿಕಾದ ಹೆಬ್ಬಾವನ್ನು ಸರ್ಕಾರಕ್ಕೆ ತಿಳಿಸಿ ಸಾಕಬಹುದಂತೆ. ನಮ್ಮ ನೆಲದ ಕೇರೆಯನ್ನು ಸಾಕುವುದು ಹೇಗೆ ಅಪರಾಧ? ನಾಲ್ಕು, ಕೈಯಲ್ಲಿ ಹಿಡಿದು ಬೆಳೆದ ಮಕ್ಕಳು ಹಾವನ್ನು ಕಂಡೊಡನೆ ದೊಣ್ಣೆ ಹುಡುಕುವುದಿಲ್ಲ. ನಾಲ್ಕೂ ತಳ್ಳಿಹಾಕುವಂಥ ಮಾತುಗಳಲ್ಲ. ಮೊದಲನೆಯದಂತೂ ಪೂರ್ತಿ ನಿಜ.

ರೇಷ್ಮೆಯ ಮನೆತನದವರಿಗೆ ಇಲಿಯ ವಿಷಯ ಬಿಡಿಸಿ ಹೇಳಬೇಕಾಗಿಲ್ಲ. ಕನಕಪುರದಲ್ಲಿರುವ ನನ್ನ ತಮ್ಮನ ಮನೆಯಲ್ಲಿ ಒಂದು ವರ್ಷ ಹುಳು ನಾಲ್ಕನೇ ಜ್ವರದಿಂದ ಎದ್ದು, ಹಣ್ಣಾಗಿ, ಚಂದ್ರಿಕೆಗೆ ಬಿಟ್ಟ ಮೂರನೆಯ ರಾತ್ರಿ ಇಲಿಗಳು ನುಗ್ಗಿ ಗೂಡುಗಳನ್ನು ಕೊರೆದುಹಾಕಿದವು. ತೂತು ಬಿದ್ದ ಗೂಡಿನಿಂದ ನೂಲು ಬಿಚ್ಚಲು ಬರುವುದಿಲ್ಲ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಆ ದಿನ ಅವನ ಮುಖವನ್ನು ನಾನು ನೋಡಿದ್ದೇನೆ. ಆದ್ದರಿಂದ ಇಲಿಯ ಕಾಟವನ್ನು ಹಗುರವಾಗಿ ಕಾಣುವವನು ನಾನಲ್ಲ. ಕೇರೆಯ ಬೆಲೆಯೂ ನನಗೆ ಗೊತ್ತು. ಗೂಬೆ, ಬೆಕ್ಕುಗಳು ಬಿಲದ ಬಾಯಲ್ಲಿ ಕಾಯಬೇಕು. ಕೇರೆಯಾದರೋ ಬಿಲದೊಳಕ್ಕೇ ಇಳಿದು ಮರಿಗಳ ಸಮೇತ ಮುಗಿಸಿ ಬರುತ್ತದೆ. ಆರೇಳು ಅಡಿ ಉದ್ದದ, ಒಂದು ತೊಟ್ಟು ವಿಷವಿಲ್ಲದ, ಕೂಲಿ ಕೇಳದ ಆಳು ಅದು.

ಹಾಗಿದ್ದರೂ ನಾವು ಅದಕ್ಕೆ ಕೊಟ್ಟ ಹೆಸರುಗಳನ್ನು ನೋಡಿ. ಕೇರೆ ಹಸುವಿನ ಕಾಲಿಗೆ ಸುತ್ತಿಕೊಂಡು ಹಾಲು ಕುಡಿಯುತ್ತದೆ ಎಂದೆವು. ಬಾಲದಲ್ಲಿ ಹೊಡೆದರೆ ಮೈ ಕೊಳೆಯುತ್ತದೆ ಎಂದೆವು. ನಾಗರಹಾವಿಗೆ ಇದೇ ಗಂಡು ಎಂದೆವು. ಮೂರೂ ಸುಳ್ಳು. ಹಾವಿನ ಬಾಯಿ ಹಾಲು ಹೀರುವ ರಚನೆಯದಲ್ಲ. ಕೇರೆಯ ಬಾಲದಲ್ಲಿ ಮುಳ್ಳೂ ಇಲ್ಲ, ನಂಜೂ ಇಲ್ಲ. ನಾಗರದಲ್ಲಿ ನಾಗರದ್ದೇ ಗಂಡು, ಕೇರೆಯಲ್ಲಿ ಕೇರೆಯದ್ದೇ ಹೆಣ್ಣು. ಎರಡು ಹಾವುಗಳು ಜಡೆಯಂತೆ ಹೆಣೆದುಕೊಂಡು ಎದ್ದು ನಿಂತದ್ದನ್ನು ನೋಡಿ ಮಿಲನವೆಂದು ಕೈಮುಗಿಯುತ್ತೇವಲ್ಲ, ಅದು ಸಾಮಾನ್ಯವಾಗಿ ಎರಡು ಗಂಡು ಕೇರೆಗಳ ಬಲಪರೀಕ್ಷೆ. ಇದನ್ನೆಲ್ಲ ನಾನು ತರಗತಿಯಲ್ಲಿ ಬೋಧಿಸಿದ್ದೇನೆ. ಆದರೆ ಅದೇ ತರಗತಿಯಲ್ಲಿ ನಾನು ಒಂದು ಸುಳ್ಳನ್ನೂ ಬೋಧಿಸಿದೆ. ಈಗ ಅದರ ವಿಷಯ.

1984ರ ಜೂನ್ ತಿಂಗಳು. ಮಾಗಡಿ ತಾಲ್ಲೂಕಿನ ನಮ್ಮ ಪ್ರೌಢಶಾಲೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನದ ತಯಾರಿ ನಡೆದಿತ್ತು. ಹುಲ್ಲಿನ ಮೆದೆ ಕೀಳುವಾಗ ಸಿಕ್ಕಿತೆಂದು ಇಬ್ಬರು ಹುಡುಗರು ಗೋಣಿಚೀಲದಲ್ಲಿ ಒಂದು ಕೇರೆಯನ್ನು ತಂದರು. ಕೊಲ್ಲದೆ ತಂದದ್ದಕ್ಕೆ ಅವರ ಬೆನ್ನು ತಟ್ಟಿದೆ. ಅಲ್ಲಿಗೆ ನಿಲ್ಲಿಸಿ ತೋಟಕ್ಕೆ ಬಿಡಿಸಬೇಕಿತ್ತು. ನಾನು ಊರಿನ ಬಡಗಿಯಿಂದ ಮುಂಭಾಗಕ್ಕೆ ಗಾಜು ಹಾಕಿದ ಮರದ ಪೆಟ್ಟಿಗೆ ಮಾಡಿಸಿದೆ. ಉದ್ದ ನಾಲ್ಕು ಅಡಿ. ಹಾವು ಆರು ಅಡಿಗೂ ಮೇಲು. ಅಳತೆ ತಪ್ಪೆಂದು ಆಗಲೇ ತಿಳಿಯಬೇಕಿತ್ತು. ಗಣಿತದ ಮೇಷ್ಟ್ರೂ ನಾನೇ ಆಗಿದ್ದೆ.

ವಸ್ತುಪ್ರದರ್ಶನದಲ್ಲಿ ನಮಗೆ ಬಹುಮಾನ ಬಂತು. ಪೆಟ್ಟಿಗೆ ಪ್ರಯೋಗಶಾಲೆಗೆ ಬಂತು. ಕಪ್ಪೆ ಹಾಕಿದೆವು, ತಿನ್ನಲಿಲ್ಲ. ಇಲಿ ಹಾಕಿದೆವು, ತಿನ್ನಲಿಲ್ಲ. ಹನ್ನೆರಡನೆಯ ದಿನ ಬೆಳಿಗ್ಗೆ ನೋಡಿದರೆ ಮೂಲೆಯಲ್ಲಿ ಒಂಬತ್ತು ಮೊಟ್ಟೆಗಳು. ಶಾಲೆಯಲ್ಲಿ ಹಬ್ಬವೇ ಆಯಿತು. ಮೊಟ್ಟೆಗಳನ್ನು ಮರಳು ತುಂಬಿದ ಮಡಕೆಯಲ್ಲಿಟ್ಟು, ದಿನವೂ ನೀರು ಚಿಮುಕಿಸಿ, ಗೋಡೆಗೆ ದಿನಗಣನೆಯ ಪಟ್ಟಿ ತೂಗುಹಾಕಿದೆವು. ಕೇರೆಯ ಮೊಟ್ಟೆ ಒಡೆಯಲು ಸುಮಾರು ಎರಡು ತಿಂಗಳು ಬೇಕೆಂಬುದು ನನಗೆ ಗೊತ್ತಿರಲಿಲ್ಲ. ನೀರು ಹೆಚ್ಚಾಗಿ ಮೂರನೇ ವಾರಕ್ಕೆ ಒಂಬತ್ತಕ್ಕೂ ಬೂಷ್ಟು ಹಿಡಿಯಿತು.

ಹಾವಾದರೋ ಹಗಲೆಲ್ಲ ಗಾಜಿನ ಮೇಲೆ ಮೂತಿಯನ್ನು ಉಜ್ಜುತ್ತಿತ್ತು. ಈ ಮೂಲೆಯಿಂದ ಆ ಮೂಲೆಗೆ, ಆ ಮೂಲೆಯಿಂದ ಈ ಮೂಲೆಗೆ. ಕೇರೆ ಹಗಲಿನಲ್ಲಿ ತಿರುಗುವ ಹಾವು, ಚುರುಕಿನ ಹಾವು, ದೊಡ್ಡ ಕಣ್ಣಿನ ಹಾವು. ಗಾಜಿನಾಚೆಯ ಬೆಳಕು ಅದಕ್ಕೆ ಕಾಣುತ್ತಿತ್ತು, ಗಾಜು ಕಾಣುತ್ತಿರಲಿಲ್ಲ. ಮೂತಿಯ ಚರ್ಮ ಕಿತ್ತು ಕೆಂಪಗಾಯಿತು. ನಮ್ಮ ಶಾಲೆಯ ಜವಾನ ಅದನ್ನು ಮೊದಲು ಕಂಡು, "ಸಾ, ಕ್ಯಾರೆ ಮೂತಿ ನೋಡಿ ಸಾ, ಪಾಪ, ಗಾಯ ಆಗೈತೆ, ಬಿಟ್ಬುಡಿ" ಎಂದ. ಎದುರಿಗೆ ಎಂಟನೇ ತರಗತಿಯ ಮಕ್ಕಳು ನಿಂತಿದ್ದರು. ಜವಾನನಿಂದ ತಿದ್ದಿಸಿಕೊಳ್ಳುವುದು ನನ್ನ ಅಹಂಕಾರಕ್ಕೆ ಒಗ್ಗಲಿಲ್ಲ. "ಅದು ಗಾಯ ಅಲ್ಲ, ಪೊರೆ ಬಿಡೋ ತಯಾರಿ. ಹಾವುಗಳು ಹೀಗೆ ಮೂತಿ ಉಜ್ಜಿಯೇ ಪೊರೆ ಬಿಡೋದು. ಬರೆದುಕೊಳ್ಳಿ" ಎಂದೆ. ಮಕ್ಕಳು ಬರೆದುಕೊಂಡರು. ಹಾವು ಪೊರೆ ಬಿಡುವಾಗ ಮೂತಿ ಉಜ್ಜುವುದು ನಿಜ. ಆದರೆ ಆಗ ಮೊದಲು ಕಣ್ಣಿಗೆ ಹಾಲು ಹಾಕಿದಂತೆ ಮಂಜು ಕವಿದಿರುತ್ತದೆ. ಈ ಹಾವಿನ ಕಣ್ಣು ತಿಳಿಯಾಗಿತ್ತು. ಅದು ನನಗೂ ಕಾಣುತ್ತಿತ್ತು.

ನಲವತ್ತೊಂದನೆಯ ದಿನ ಅದು ಸತ್ತಿತು. ಫಾರ್ಮಲಿನ್ ತುಂಬಿದ ಜಾಡಿಯಲ್ಲಿ ಸುತ್ತಿ ಇಟ್ಟು, ದುಂಡನೆಯ ಅಕ್ಷರದಲ್ಲಿ ಚೀಟಿ ಬರೆದು ಅಂಟಿಸಿದೆ: 'ಕೇರೆ ಹಾವು. ನಿರುಪದ್ರವಿ. ರೈತನ ಮಿತ್ರ.' ಜಾಡಿಯ ಹಿಂಬದಿಗೆ ಮೂತಿ ತಿರುಗುವಂತೆ ಇಟ್ಟವನೂ ನಾನೇ. ನನ್ನ ಶಿಷ್ಯನಿಗೆ ಸ್ಫೂರ್ತಿ ಕೊಟ್ಟ ಜಾಡಿ ಅದು.

ಅವನು ಕೇಳಬಹುದು: "ಸಾರ್, ನಿಮಗೆ ಆಗ ಗೊತ್ತಿರಲಿಲ್ಲ, ನನಗೆ ಈಗ ಗೊತ್ತಿದೆ. ದೊಡ್ಡ ಪೆಟ್ಟಿಗೆ ಮಾಡ್ತೀನಿ, ಶಾಖ-ತೇವ ಅಳೆಯೋ ಯಂತ್ರ ಇಡ್ತೀನಿ, ಮರಿ ಆಗೇ ಆಗುತ್ತೆ." ಆಗಬಹುದು. ವಿದೇಶಗಳಲ್ಲಿ ಕಾರ್ನ್ ಸ್ನೇಕ್ ಮುಂತಾದ ಹಾವುಗಳನ್ನು ತಲೆಮಾರುಗಳಿಂದ ಹಾಗೆ ಸಾಕುತ್ತಿದ್ದಾರೆ. ಆದ್ದರಿಂದ ನನ್ನ ವಾದವನ್ನು ನನ್ನ ಅಜ್ಞಾನದ ಮೇಲೆ ನಿಲ್ಲಿಸುವುದಿಲ್ಲ. ಮರಿ ಆಗುತ್ತದೆಂದೇ ಒಪ್ಪಿಕೊಂಡು ಲೆಕ್ಕ ಮಾಡೋಣ. ಹಲಗೆಯ ಕಡೆ ನೋಡಿ.

ಇಪ್ಪತ್ತು ಹೆಣ್ಣು, ಹತ್ತು ಗಂಡು, ಒಟ್ಟು ಮೂವತ್ತು ಕೇರೆ ಎಂದಿಟ್ಟುಕೊಳ್ಳೋಣ. ಒಂದಕ್ಕೆ ವಾರಕ್ಕೊಂದು ಇಲಿಯಾದರೆ ವರ್ಷಕ್ಕೆ 1,560 ಇಲಿ. ಕೇರೆ ಒಂದು ಸಲಕ್ಕೆ ಆರರಿಂದ ಹದಿನೈದರವರೆಗೆ ಮೊಟ್ಟೆ ಇಡುತ್ತದೆ; ಹತ್ತು ಎಂದು ಹಿಡಿದು, ಒಂದೂ ಕೆಡದೆ ಎಲ್ಲವೂ ಒಡೆದವು ಎಂದು ಉದಾರವಾಗಿ ಭಾವಿಸಿದರೆ 200 ಮರಿ. ಅವುಗಳನ್ನು ಒಂದು ವರ್ಷ ಬೆಳೆಸಲು ವಾರಕ್ಕೊಂದು ಸಣ್ಣ ಇಲಿಮರಿಯಂತೆ 10,400. ಒಟ್ಟು 11,960. ಇವು ಎಲ್ಲಿಂದ ಬರಬೇಕು? ಹೊಲದಿಂದ ಹಿಡಿದು ತರುವುದಾದರೆ ಹಿಡಿಯುವ ಕೆಲಸ ಮುಗಿದೇ ಹೋಯಿತು, ಹಾವೇಕೆ? ಹಿಡಿಯಲಾಗದಿದ್ದರೆ ಇಲಿಗಳನ್ನೂ ಸಾಕಬೇಕು. ಅವಕ್ಕೆ ರಾಗಿ, ಜೋಳ ಹಾಕಬೇಕು. ಅಂದರೆ ರಾಗಿ ತಿನ್ನುವ ಇಲಿಯನ್ನು ಕೊಲ್ಲುವ ಹಾವನ್ನು ಬೆಳೆಸಲು, ರಾಗಿ ಹಾಕಿ ಹನ್ನೆರಡು ಸಾವಿರ ಇಲಿಗಳನ್ನು ಬೆಳೆಸುವ ಉದ್ಯಮ! ಸಾಲದ್ದಕ್ಕೆ ಮೊಟ್ಟೆಯೊಡೆದು ಬಂದ ಮರಿಗಳಿಗೆ ಪುಟ್ಟ ಕಪ್ಪೆ, ಹಲ್ಲಿಗಳು ಬೇಕಾಗಬಹುದು. ಕೀಟ ತಿನ್ನುವ ಕಪ್ಪೆಯೂ ರೈತನ ಮಿತ್ರನೇ ಅಲ್ಲವೇ?

ಎರಡನೆಯ ಮಾತು, ಸಾಕಿ ಬಿಡುವುದು. ಬಿಟ್ಟ ಹಾವು ಬಿಟ್ಟಲ್ಲಿ ನಿಲ್ಲುತ್ತದೆಯೇ? ಆಗುಂಬೆಯಲ್ಲಿ ಕಾಳಿಂಗ ಸರ್ಪಗಳ ಮೈಯೊಳಗೆ ರೇಡಿಯೋ ಸಾಧನ ಅಳವಡಿಸಿ ಅವುಗಳ ಓಡಾಟವನ್ನು ಅಧ್ಯಯನ ಮಾಡಿದ್ದಾರೆ. ತನ್ನ ನೆಲದಲ್ಲೇ ಇದ್ದ ಹಾವಿಗಿಂತ ಬೇರೆಡೆಗೆ ಒಯ್ದು ಬಿಟ್ಟ ಹಾವು ಬಹಳ ದೂರ ಅಲೆದದ್ದನ್ನು ಅವರು ಕಂಡರು. ಕಾಳಿಂಗದ ಮಾತನ್ನು ಕೇರೆಗೆ ಹಾಗೆಯೇ ಅನ್ವಯಿಸಲಾಗದು, ಒಪ್ಪುತ್ತೇನೆ. ಆದರೆ ತನ್ನ ಬಿಲ, ನೀರು, ದಾರಿಗಳನ್ನು ಬಲ್ಲ ಕಾಡುಹಾವೇ ಹೊಸ ಜಾಗದಲ್ಲಿ ಹಾಗೆ ಅಲೆಯುವುದಾದರೆ, ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಹುಟ್ಟಿ, ಮುಂಗುಸಿಯನ್ನಾಗಲಿ ಹದ್ದನ್ನಾಗಲಿ ಕಾಣದೆ ಬೆಳೆದ ಮರಿಯ ಗತಿ ಏನು? ಒತ್ತಾಗಿ ಕೂಡಿಹಾಕಿದ ಪೆಟ್ಟಿಗೆಗಳಿಂದ ಅದು ತನ್ನೊಡನೆ ರೋಗವನ್ನು ಒಯ್ದರೆ ತೋಟದಲ್ಲಿ ಉಳಿದಿರುವ ನಾಲ್ಕು ಹಾವುಗಳ ಗತಿ ಏನು?

ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ಕೇರೆ ಕಡಿಮೆಯಾದದ್ದು ಮೊಟ್ಟೆ ಇಡುವುದನ್ನು ಮರೆತದ್ದರಿಂದಲೇ? ಅಲ್ಲ. ಬದುಗಳನ್ನು ಜೇಸಿಬಿಯಿಂದ ನೆಲಸಮ ಮಾಡಿದೆವು. ಕಳ್ಳಿಬೇಲಿ ಕಿತ್ತು ತಂತಿ ಎಳೆದೆವು. ಹುತ್ತ ಒಡೆದೆವು. ಬಿಡದಿಯಿಂದ ಚನ್ನಪಟ್ಟಣದವರೆಗೆ ತೋಟಗಳು ಬಡಾವಣೆಗಳಾದವು. 2023ರಲ್ಲಿ ಉದ್ಘಾಟನೆಯಾದ ದಶಪಥ ಹೆದ್ದಾರಿ ಹೊಲ-ಗದ್ದೆಗಳ ನಡುವೆ ಗೋಡೆಯಂತೆ ಹಾದುಹೋಯಿತು. ಇಲಿಗೆಂದು ಇಟ್ಟ ಪಾಷಾಣ ಇಲಿಯೊಳಗಿಂದ ಗೂಬೆಗೂ ಹಾವಿಗೂ ದಾಟಬಲ್ಲದು. ಇಷ್ಟಾದ ಮೇಲೂ ಉಳಿದದ್ದನ್ನು ನಾಗರವೆಂದು ತಿಳಿದು ಹೊಡೆದೆವು. ತೂತಿನ ಕೊಡಕ್ಕೆ ಬಾವಿ ದೊಡ್ಡದು ಮಾಡಿದರೆ ನೀರು ನಿಲ್ಲುವುದಿಲ್ಲ. ಬದುಕುವ ಜಾಗವಿಲ್ಲದ ತೋಟಕ್ಕೆ ನೂರು ಮರಿ ಬಿಟ್ಟರೂ ನೂರೂ ಹೋಗುತ್ತವೆ. ಜಾಗವಿರುವ ತೋಟಕ್ಕೆ ಕೇರೆ ತಾನೇ ಬರುತ್ತದೆ. ಎರಡೂ ಸಂದರ್ಭದಲ್ಲಿ ಪೆಟ್ಟಿಗೆಗೆ ಕೆಲಸವಿಲ್ಲ.

ಮೂರನೆಯದು ಕಾನೂನಿನ ಪ್ರಶ್ನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಕೇರೆಗೆ ಉಂಟು. 2022ರ ತಿದ್ದುಪಡಿಯ ನಂತರವೂ ಉಂಟು. ಆ ಕಾಯ್ದೆಯಲ್ಲಿ 'ಬೇಟೆ' ಎಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದೂ ಬೇಟೆಯೇ, ಸರೀಸೃಪಗಳ ಮೊಟ್ಟೆಗೆ ಕೈಹಚ್ಚುವುದೂ ಬೇಟೆಯೇ. 1984ರಲ್ಲಿ ನಾನು ಮಾಡಿದ್ದು ಎರಡನ್ನೂ. ನನ್ನ ಶಿಷ್ಯ ಕೇಳಿದ ಆಫ್ರಿಕಾದ ಹೆಬ್ಬಾವಿನ ವಿಷಯವೂ ನಿಜವೇ. ವಿದೇಶಿ ಪ್ರಾಣಿಗಳನ್ನು ಸ್ವಯಂಪ್ರೇರಣೆಯಿಂದ ಘೋಷಿಸಲು 2020ರಲ್ಲಿ ಕೇಂದ್ರ ಸರ್ಕಾರ ಅವಕಾಶ ಕೊಟ್ಟಿತು. ಅವುಗಳ ನೋಂದಣಿಗೆ 2024ರಲ್ಲಿ ನಿಯಮಗಳೂ ಬಂದವು. ಆದರೆ ಅದು ಈಗಾಗಲೇ ಮನೆಯೊಳಗೆ ಸೇರಿಹೋದ ಪರದೇಶದ ಪ್ರಾಣಿಗಳ ಲೆಕ್ಕ ಇಡುವ ವ್ಯವಸ್ಥೆ. ಆಫ್ರಿಕಾದ ಹೆಬ್ಬಾವನ್ನು ಮಾಗಡಿಯ ಹೊಲದಿಂದ ಯಾರೂ ಹಿಡಿದು ತರಲಾರರು. ಕೇರೆಯನ್ನು ತರಬಹುದು. ಫಾರಂನಲ್ಲಿ ಹುಟ್ಟಿದ ಕೇರೆಗೂ ಸಾವನದುರ್ಗದ ತಪ್ಪಲಿನಿಂದ ನಿನ್ನೆ ರಾತ್ರಿ ಹಿಡಿದು ತಂದ ಕೇರೆಗೂ ನೋಡಿ ವ್ಯತ್ಯಾಸ ಹೇಳಬಲ್ಲ ಅಧಿಕಾರಿ ಯಾರು? ಒಂದು ಪರವಾನಗಿ ಕೊಟ್ಟರೆ ಅದರ ಮರೆಯಲ್ಲಿ ಸಾವಿರ ಗೋಣಿಚೀಲ ಸಾಗುತ್ತದೆ.

ಇದು ಅತಿಯಾದ ಅನುಮಾನವಲ್ಲ. 1970ರ ದಶಕದವರೆಗೆ ನಮ್ಮ ದೇಶದಿಂದ ಲಕ್ಷಗಟ್ಟಲೆ ಹಾವಿನ ಚರ್ಮಗಳು ಚೀಲ, ಚಪ್ಪಲಿ, ಬೆಲ್ಟುಗಳಿಗಾಗಿ ಹಡಗು ಹತ್ತುತ್ತಿದ್ದವು. ದೊಡ್ಡದಾಗಿಯೂ ನುಣುಪಾಗಿಯೂ ಇರುವ ಕೇರೆಯ ಚರ್ಮಕ್ಕೆ ಅದರಲ್ಲಿ ಮುಖ್ಯ ಪಾಲು. ಕಾಯ್ದೆ ಮತ್ತು ರಫ್ತು ನಿಷೇಧ ಆ ವ್ಯಾಪಾರವನ್ನು ನಿಲ್ಲಿಸಿದವು. ಕೇರೆಯ ಅಂತಾರಾಷ್ಟ್ರೀಯ ವ್ಯಾಪಾರದ ಮೇಲೆ ಇಂದಿಗೂ ಸೈಟಿಸ್ ಒಪ್ಪಂದದ ನಿಗಾ ಇದೆ. ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿ ಇದೇ ಜಾತಿಯ ಹಾವುಗಳನ್ನು ಚರ್ಮಕ್ಕಾಗಿ ಹಿಡಿಯುತ್ತಾ ಬಂದಿದ್ದಾರೆ. ಬೇಡಿಕೆ ಸತ್ತಿಲ್ಲ, ಬಾಗಿಲು ಹಾಕಿದೆ ಅಷ್ಟೆ. ಆ ಬಾಗಿಲನ್ನು 'ರೈತರ ಹಿತ'ದ ಕೀಲಿಯಿಂದ ತೆರೆಯಬಾರದು.

ಇನ್ನೊಂದು ಮಾತನ್ನು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಈ ಕಾಯ್ದೆ ಬಂದ ಮೇಲೆ ಊರೂರು ತಿರುಗುತ್ತಿದ್ದ ಹಾವಾಡಿಗನ ಬುಟ್ಟಿಯನ್ನು ಕಸಿದುಕೊಂಡೆವು. ಅದು ಹಾವಿನ ದೃಷ್ಟಿಯಿಂದ ನ್ಯಾಯವೇ. ಆ ಹಾವುಗಳ ಪಾಡು ನನ್ನ ಪೆಟ್ಟಿಗೆಯ ಕೇರೆಯ ಪಾಡಿಗಿಂತ ಮೇಲಾಗಿರಲಿಲ್ಲ. ಆದರೆ ಹೊಟ್ಟೆಪಾಡಿಗೆ ಹಾವು ಹಿಡಿದವನ ಬಿದಿರು ಬುಟ್ಟಿ ಅಪರಾಧವಾದ ಮೇಲೆ, ಹವ್ಯಾಸಕ್ಕೆ ಹಾವು ಹಿಡಿಯುವವನ ಗಾಜಿನ ಪೆಟ್ಟಿಗೆ ವಿಜ್ಞಾನವಾಗುವುದು ಹೇಗೆ? ಬಡವನಿಗೆ ಒಂದು ನ್ಯಾಯ, ಇಂಟರ್ನೆಟ್ ಇರುವವನಿಗೆ ಇನ್ನೊಂದು ನ್ಯಾಯವೇ?

ಹಾಗಾದರೆ ಹಾವನ್ನು ಹಿಡಿದಿಡುವುದೇ ತಪ್ಪೇ? ಅಲ್ಲ. ಚೆನ್ನೈ ಬಳಿಯ ವಡನೆಮ್ಮೇಲಿಯಲ್ಲಿ ಇರುಳರ ಸಹಕಾರ ಸಂಘವೊಂದು 1978ರಲ್ಲಿ ಆರಂಭವಾಯಿತು. ಚರ್ಮದ ವ್ಯಾಪಾರ ನಿಂತು ಬದುಕು ಕಳೆದುಕೊಂಡ ಹಾವು ಹಿಡಿಯುವವರು ಅಲ್ಲಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳನ್ನು ಪರವಾನಗಿಯ ಮೇಲೆ ಹಿಡಿದು, ಕೆಲವು ವಾರ ಇಟ್ಟು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾ ಬಂದಿದ್ದಾರೆ. ಆ ವಿಷದಿಂದ ಔಷಧಿಯಾಗುತ್ತದೆ. ನಮ್ಮ ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಮಂದಿ ಸತ್ತರೆಂದು 2020ರ ಅಧ್ಯಯನವೊಂದು ಅಂದಾಜು ಮಾಡಿದೆ. ನಮ್ಮ ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು. ಅಂಥ ಸಂಕಟಕ್ಕೆ ಔಷಧಿ ಬೇಕು, ಅದಕ್ಕೆ ಹಾವು ಬೇಕು. ಗಾಯಗೊಂಡ ಹಾವಿಗೆ ಚಿಕಿತ್ಸೆಯೂ ಬೇಕು. ಅಲ್ಲೆಲ್ಲ ಬಂಧನಕ್ಕೆ ಒಂದು ಕಾರಣವಿದೆ, ಒಂದು ಅವಧಿಯಿದೆ. ಕೇರೆಗೆ ವಿಷವಿಲ್ಲ, ಆದ್ದರಿಂದ ಔಷಧಿಯ ಕಾರಣವಿಲ್ಲ. ಅಳಿವಿನ ಅಂಚಿನಲ್ಲಿಲ್ಲ, ಆದ್ದರಿಂದ ವಂಶ ಉಳಿಸುವ ಕಾರಣವೂ ಇಲ್ಲ. ಉಳಿದದ್ದು ನಮ್ಮ ಆಸೆಯೊಂದೇ.

ಕೇರೆಯ ಋಣ ಕಾಡಿಗೂ ಇದೆ. ಪಶ್ಚಿಮಘಟ್ಟದ ಕಾಳಿಂಗ ಸರ್ಪ ಪ್ರತ್ಯೇಕ ಪ್ರಭೇದವೆಂದು 2024ರಲ್ಲಿ ವಿಜ್ಞಾನಿಗಳು ನಿರ್ಧರಿಸಿ, ಅದಕ್ಕೆ ನಮ್ಮ ಕನ್ನಡದ 'ಕಾಳಿಂಗ' ಎಂಬ ಹೆಸರನ್ನೇ ಶಾಸ್ತ್ರೀಯ ಹೆಸರಿನೊಳಗೆ ಸೇರಿಸಿದರು. ನಾವೆಲ್ಲ ಹೆಮ್ಮೆಪಟ್ಟೆವು. ಆ ಕಾಳಿಂಗನ ಮುಖ್ಯ ಆಹಾರಗಳಲ್ಲಿ ಕೇರೆಯೂ ಒಂದು. ನಮ್ಮ ತೋಟದಲ್ಲಿ ಇಲಿ ತಿನ್ನುವ ಈ ಹಾವೇ ಮಲೆನಾಡಿನಲ್ಲಿ ಕಾಳಿಂಗನ ಹೊಟ್ಟೆ ತುಂಬಿಸುತ್ತದೆ. ಇಂಥದ್ದನ್ನು ಒಬ್ಬರ ಆಸ್ತಿಯಾಗಿ ಪೆಟ್ಟಿಗೆಯಲ್ಲಿ ಬರೆದಿಡಬಾರದು.

ಇನ್ನು ನಾಲ್ಕನೆಯ ಮಾತು, ಮಕ್ಕಳ ಭಯ. ಈ ಮಾತಿಗೆ ನನ್ನ ಬಳಿ ಪುಸ್ತಕದ ಉತ್ತರವಿಲ್ಲ, ಅನುಭವದ ಉತ್ತರವಿದೆ. 1984ರ ಆ ಪೆಟ್ಟಿಗೆಯ ಮುಂದೆ ಮಕ್ಕಳು ಮೊದಲ ವಾರ ಮುಗಿಬಿದ್ದರು. ಎರಡನೇ ವಾರ ಗಾಜಿಗೆ ಬಡಿದು ಅದನ್ನು ಕೆಣಕಿದರು. ಮೂರನೇ ವಾರ ಅತ್ತ ತಿರುಗಿಯೂ ನೋಡಲಿಲ್ಲ. ಅವರು ಕಲಿತದ್ದು ಪ್ರೀತಿಯಲ್ಲ, ಉದಾಸೀನ. ಮುಂದಿನ ವರ್ಷಗಳಲ್ಲಿ ನಾನು ಪೆಟ್ಟಿಗೆ ಬಿಟ್ಟು ಮಕ್ಕಳನ್ನೇ ಹೊರಗೆ ಕರೆದೊಯ್ದೆ. ನೆನಪಿದೆಯೇ ನಿಮಗೆ, ಶನಿವಾರದ ಬೆಳಗಿನ ತರಗತಿ ಮುಗಿಸಿ ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಸಾಲಾಗಿ ಸದ್ದಿಲ್ಲದೆ ಕುಳಿತದ್ದು? ಒಮ್ಮೆ ಎರಡು ಕೇರೆಗಳು ಒಂದನ್ನೊಂದು ಹೆಣೆದುಕೊಂಡು ಸೊಂಟದೆತ್ತರ ಎದ್ದು ಬೀಳುವುದನ್ನು ಅರ್ಧ ಗಂಟೆ ನೋಡಿದೆವು. ತೋಟದ ಯಜಮಾನಿ ಓಡಿ ಬಂದು ಬಿಳಿ ವಸ್ತ್ರ ಹಾಸಲು ಹೊರಟಾಗ, ನಿಮ್ಮಲ್ಲೇ ಒಬ್ಬಳು "ಅಜ್ಜಿ, ಅವು ಗಂಡ-ಹೆಂಡ್ತಿ ಅಲ್ಲ, ಕುಸ್ತಿ ಆಡ್ತಾವೆ" ಎಂದಳು. ಆ ದಿನ ಅಲ್ಲಿದ್ದ ನಲವತ್ತು ಮಂದಿಯಲ್ಲಿ ಯಾರೂ ಇಂದಿಗೂ ಕೇರೆಗೆ ಕೋಲು ಎತ್ತಲಾರರು ಎಂದು ನಾನು ಪಣ ತೊಡಬಲ್ಲೆ.

ಕೈಯಲ್ಲಿ ಹಿಡಿಸಿ ಭಯ ಬಿಡಿಸುವುದರಲ್ಲಿ ಇನ್ನೂ ಒಂದು ಅಪಾಯವಿದೆ. ಹೆಡೆ ಬಿಚ್ಚದ ನಾಗರ ದೂರದಿಂದ ಕೇರೆಯಂತೆಯೇ ಕಾಣುತ್ತದೆ. ತಜ್ಞರಿಗೆ ತುಟಿಯ ಮೇಲಿನ ಕಪ್ಪು ಗೆರೆಗಳು, ದೊಡ್ಡ ಕಣ್ಣು, ನೀಳ ತಲೆ ಗುರುತು ಸಿಕ್ಕಬಹುದು. ಎಂಟು ವರ್ಷದ ಮಗುವಿಗೆ ಸಿಕ್ಕೀತೇ? 'ಕೇರೆ ಏನೂ ಮಾಡಲ್ಲ' ಎಂದು ಕೈಯಲ್ಲಿ ಆಡಿಸಿ ಕಲಿತ ಮಗು ಒಂದು ದಿನ ಹಿತ್ತಲಿನಲ್ಲಿ ನಾಗರಕ್ಕೆ ಕೈ ಹಾಕಿದರೆ ಹೊಣೆ ಯಾರು? ದೂರ ನಿಲ್ಲು, ಕೊಲ್ಲಬೇಡ, ಮುಟ್ಟಬೇಡ: ಮಗುವಿಗೆ ಈ ಮೂರು ಮಾತು ಸಾಕು. ಕೈಯಲ್ಲಿ ಹಿಡಿಯಲು ಹಾವೇ ಬೇಕೆಂದರೆ ಚನ್ನಪಟ್ಟಣದಲ್ಲಿ ಬಸ್ಸಿಳಿಯಿರಿ; ಅರಗಿನ ಬಣ್ಣ ಹಚ್ಚಿದ, ಬಳುಕುವ ಮರದ ಹಾವು ಸಿಗುತ್ತದೆ. ಮೊಟ್ಟೆ ಇಡುವುದಿಲ್ಲ, ಮೂತಿ ಉಜ್ಜುವುದಿಲ್ಲ, ಅದನ್ನು ಕಡೆದ ಕುಶಲಕರ್ಮಿಯ ಮನೆಯಲ್ಲಿ ಒಲೆಯೂ ಉರಿಯುತ್ತದೆ.

ಬೇಡ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುವುದು ಮೇಷ್ಟರಿಗೆ ಸಲ್ಲದು. ಆದ್ದರಿಂದ, ಅಪ್ಪಾ, ನಿನಗೆ ಹೇಳುವ ಕೆಲಸಗಳು ಇವು. ನಿನ್ನ ತೋಟದ ಹಿಂಬದಿಯ ಒಂದು ಬದುವನ್ನು ಕೆರೆಯದೆ ಬಿಡು. ಹುಲ್ಲು, ಲಂಟಾನ, ಕತ್ತಾಳೆ ಬೆಳೆಯಲಿ. ಗದ್ದೆಯಿಂದ ಆಯ್ದ ಕಲ್ಲುಗಳನ್ನು ಅಲ್ಲಿಯೇ ಗುಡ್ಡೆ ಹಾಕು. ಹುತ್ತವಿದ್ದರೆ ಮುಟ್ಟಬೇಡ, ಭಕ್ತಿಯಿಂದಲೋ ವಿಜ್ಞಾನದಿಂದಲೋ, ಅಂತೂ ಬಿಡು. ಇಲಿ ಪಾಷಾಣದ ಬದಲು ಬೋನು ಇಡು. ಹುಳುವಿನ ಮನೆಯ ಗೋಡೆಯ ಬಿರುಕುಗಳಿಗೆ ಸಿಮೆಂಟು ತುಂಬು, ಬಾಗಿಲಿನ ಕೆಳಗೆ ತಗಡು ಹೊಡೆ. ಚಂದ್ರಿಕೆಯನ್ನು ಇಲಿಯಿಂದ ಕಾಯುವುದು ಆ ತಗಡು, ಹಾವಲ್ಲ. ಊಜಿ ನೊಣಕ್ಕೆ ಕಟ್ಟಿದ ನೈಲಾನ್ ಪರದೆ ಹರಿದಾಗ ತೆಗೆದು ಬದುವಿನ ಮೇಲೆ ಎಸೆಯುವ ಅಭ್ಯಾಸ ನಿಮ್ಮಲ್ಲಿದೆ. ಅದರ ಕಣ್ಣಿಗೆ ತಲೆ ತೂರಿಸಿದ ಕೇರೆ ಹಿಂದಕ್ಕೂ ಬರಲಾರದು, ಮುಂದಕ್ಕೂ ಹೋಗಲಾರದು. ನಮ್ಮ ತಮ್ಮನ ತೋಟದಲ್ಲಿ ಹಾಗೆ ಸಿಕ್ಕಿಬಿದ್ದ ಒಂದನ್ನು ಕತ್ತರಿಯಿಂದ ಬಿಡಿಸಿದ್ದಾರೆ; ಇನ್ನೊಂದನ್ನು ಕಾಣುವ ಹೊತ್ತಿಗೆ ಇರುವೆ ಮುತ್ತಿತ್ತು. ಆ ಪರದೆಗಳನ್ನು ಸುತ್ತಿ ಒಳಗಿಡು. ಮನೆಯೊಳಗೆ ಹಾವು ಬಂದರೆ ಅರಣ್ಯ ಇಲಾಖೆಗೆ ತಿಳಿಸು. ಇಷ್ಟಕ್ಕೆ ಪೆಟ್ಟಿಗೆ ಬೇಡ, ಪರವಾನಗಿ ಬೇಡ, ಹನ್ನೆರಡು ಸಾವಿರ ಇಲಿಗಳೂ ಬೇಡ. ಎರಡು ಮಳೆಗಾಲ ಕಾಯಬೇಕು, ಅಷ್ಟೆ.

2007ರಲ್ಲಿ ನಮ್ಮ ನಾಲ್ಕೂ ತಾಲ್ಲೂಕುಗಳು ಸೇರಿ ರಾಮನಗರ ಜಿಲ್ಲೆಯಾದಾಗ ಸಂತೋಷಪಟ್ಟೆವು. 2025ರಲ್ಲಿ ಅದು ಬೆಂಗಳೂರು ದಕ್ಷಿಣ ಜಿಲ್ಲೆ ಎಂದಾಯಿತು. ಹೆಸರಿನ ಪರ-ವಿರೋಧದ ಮಾತು ಇಲ್ಲಿ ಬೇಡ. ಆದರೆ ಹೆಸರಿನ ಹಿಂದೆ ನಗರವೂ ಬರುತ್ತಿದೆ, ಬದುಗಳು ಹೋಗುತ್ತಿವೆ. ಕೇರೆಯ ಪ್ರಶ್ನೆ ನಿರ್ಧಾರವಾಗುವುದು ಅಲ್ಲಿ, ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಅಲ್ಲ.

ಕೊನೆಯದಾಗಿ ಒಂದು ತಿದ್ದುಪಡಿ. 1984ರಲ್ಲಿ ಎಂಟನೇ ತರಗತಿಯಲ್ಲಿದ್ದವರು ಇದನ್ನು ಓದುತ್ತಿದ್ದರೆ, ನಿಮಗೆ ಈಗ ಐವತ್ತು ದಾಟಿದೆ, ಕೆಲವರು ಅಜ್ಜ-ಅಜ್ಜಿಯರಾಗಿದ್ದೀರಿ. ಆ ಜುಲೈ ತಿಂಗಳಲ್ಲಿ ನಾನು ನಿಮಗೆ ಬರೆಸಿದ ಟಿಪ್ಪಣಿ ತಪ್ಪು. ಅದು ಪೊರೆ ಬಿಡುವ ತಯಾರಿಯಾಗಿರಲಿಲ್ಲ, ಗಾಯವಾಗಿತ್ತು. ಜವಾನ ಹೇಳಿದ್ದು ಸರಿ, ಮೇಷ್ಟ್ರು ಹೇಳಿದ್ದು ತಪ್ಪು. ಅವನು ಈಗಿಲ್ಲ, ಆದ್ದರಿಂದ ನಿಮ್ಮ ಮುಂದೆ ಒಪ್ಪಿಕೊಳ್ಳುತ್ತಿದ್ದೇನೆ. ದಯವಿಟ್ಟು ತಿದ್ದಿಕೊಳ್ಳಿ.